ವೈಕಿಂಗರು ನಿಜಕ್ಕೂ ಅಷ್ಟು ಕ್ರೂರಿಗಳಾ, ಇಲ್ಲಾ ಬರೆದವರು ಹಾಗೆ ಬರೆದರಾ?

ರಾತ್ರಿಪಾಳಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ದಿನದಿಂದ ವೈಕಿಂಗರ ಹುಚ್ಚು ಹಿಡಿದಿದೆ. ಅದೇ, ಸಾವಿರ ವರ್ಷಕ್ಕೂ ಹಿಂದೆ ನಾರ್ವೆ, ಡೆನ್ಮಾರ್ಕ್, ಸ್ವೀಡನ್ (ಸ್ಕ್ಯಾಂಡಿನೇವಿಯ) ಕಡೆಯಿಂದ ಹಡಗಲ್ಲಿ ಬಂದು ದಾಳಿ ಮಾಡ್ತಿದ್ದವರು. ಸೀರಿಯಲ್ಲು, ಗೇಮು, ಎಲ್ಲಾ ಆಯ್ತು. ಅವುಗಳಲ್ಲಿ ಎಲ್ಲರಿಗೂ ಮೈತುಂಬ ಹಚ್ಚೆ, ಕಣ್ಣಿಗೆ ಕಾಡಿಗೆ. ಬೆಳಗಾದರೆ ಯಾರದಾದರೂ ತಲೆ ಹಾರಿಸಲೇಬೇಕು. ಆಮೇಲೆ ಯೂಟ್ಯೂಬ್ ತೆಗೆದರೆ ಇನ್ನೊಬ್ಬರು, "ಅವರು ಮೂಲತಃ ರೈತರು, ವ್ಯಾಪಾರಿಗಳು, ಪಾಪ ಸುಮ್ನೆ ಕೆಟ್ಟ ಹೆಸರು ಬಂತು" ಅಂತಾರೆ. ಎರಡರಲ್ಲಿ ಯಾವುದನ್ನು ನಂಬೋದು? ಗೊತ್ತಿರೋರು ಹೇಳಿ. ಲಿಂಕ್ ಎಸೆದು ಓಡಿಹೋಗಬೇಡಿ, ನಿಮ್ಮ ಮಾತಲ್ಲೇ ಬರೀರಿ.

ಬಿಜಾಪುರದ ಬಸ್ಯಾ
ಕೊಂಬಿನ ಟೊಪ್ಪಿಗೆ ಇಲ್ಲದ ವೈಕಿಂಗು ವೈಕಿಂಗೇ ಅಲ್ಲ ಬಿಡ್ರಿ 😄

ನಿವೃತ್ತ ಮೇಷ್ಟ್ರು
ಬಸ್ಯಾ, ಆ ಕೊಂಬು ಬಂದದ್ದು 1876ರಲ್ಲಿ. ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರ್‌ನ ಒಪೆರಾ ಆಡಿದಾಗ ವೇಷಭೂಷಣ ಮಾಡಿದ ಡೋಪ್ಲರ್ ಎಂಬವನು ಪಾತ್ರಧಾರಿಗಳ ಶಿರಸ್ತ್ರಾಣಕ್ಕೆ ಕೊಂಬು ಇಟ್ಟ. ಜನಕ್ಕೆ ಅದೇ ಹಿಡಿಸಿತು. ಡೆನ್ಮಾರ್ಕಿನಲ್ಲಿ ಕೊಂಬಿನ ಕಂಚಿನ ಶಿರಸ್ತ್ರಾಣ ಸಿಕ್ಕಿರುವುದು ನಿಜ. ಆದರೆ ಅದು ವೈಕಿಂಗರಿಗಿಂತ ಸಾವಿರದೈನೂರು ವರ್ಷಕ್ಕೂ ಹಳೆಯದು. ವೈಕಿಂಗರ ಕಾಲದ್ದು ಅಂತ ಒಳ್ಳೆ ಸ್ಥಿತಿಯಲ್ಲಿ ಸಿಕ್ಕಿದ್ದು ನಾರ್ವೆಯ ಯೆರ್ಮುಂಡ್‌ಬೂ ಎಂಬಲ್ಲಿ, 1943ರಲ್ಲಿ. ದುಂಡನೆ ಕಬ್ಬಿಣದ ಟೊಪ್ಪಿಗೆ, ಕಣ್ಣಿನ ಸುತ್ತ ಕನ್ನಡಕದ ಹಾಗೆ ಒಂದು ಕಾಪು. ಅಷ್ಟೇ.

ಈಗ ಮೂಲ ಪ್ರಶ್ನೆಗೆ ಬರ್ತೀನಿ. ಎಲ್ಲರೂ ಲೆಕ್ಕ ಶುರು ಮಾಡೋದು 793ರ ಜೂನ್ 8ರಿಂದ. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್ಫಾರ್ನ್ ದ್ವೀಪದ ಮಠದ ಮೇಲೆ ದಾಳಿ. ಸನ್ಯಾಸಿಗಳಲ್ಲಿ ಕೆಲವರನ್ನು ಕೊಂದರು, ಕೆಲವರನ್ನು ಹೊತ್ತೊಯ್ದರು, ಬೆಳ್ಳಿ ಬಂಗಾರ ದೋಚಿದರು. ಆ ವರ್ಷ ಆಕಾಶದಲ್ಲಿ ಬೆಂಕಿಯುಗುಳುವ ಡ್ರ್ಯಾಗನ್‌ಗಳು ಹಾರಾಡಿದವು ಅಂತ ಆಂಗ್ಲೋ-ಸ್ಯಾಕ್ಸನ್ ವೃತ್ತಾಂತದಲ್ಲಿ ಬರೆದಿದೆ.

ಇಲ್ಲಿ ಒಂದು ತಮಾಷೆ ಇದೆ. ಫ್ರಾಂಕರ (ಈಗಿನ ಫ್ರಾನ್ಸ್, ಜರ್ಮನಿ ಕಡೆಯವರು) ರಾಜ ಶಾರ್ಲಮೇನ್‌ನ ಆಸ್ಥಾನದಲ್ಲಿದ್ದ ಆಲ್ಕ್ವಿನ್ ಎಂಬ ಪಂಡಿತ ಈ ಸುದ್ದಿ ಕೇಳಿ ಉತ್ತರ ಇಂಗ್ಲೆಂಡಿನ ನಾರ್ಥಂಬ್ರಿಯದ ರಾಜ ಎಥೆಲ್ರೆಡ್‌ಗೆ ಕಾಗದ ಬರೆದ. ಅಯ್ಯೋ ಎಂಥಾ ಅನಾಹುತ ಅಂತ ಗೋಳಾಡಿದ ಮೇಲೆ, ಅದೇ ಕಾಗದದಲ್ಲಿ ರಾಜನನ್ನೂ ತರಾಟೆಗೆ ತಗೊಳ್ತಾನೆ. ಕೂದಲು ಗಡ್ಡ ಎಲ್ಲಾ ಆ ಪೇಗನ್ನರ (ಕ್ರೈಸ್ತರಲ್ಲದವರ) ಹಾಗೆ ಕತ್ತರಿಸಿಕೊಂಡು ಮೆರೆದಿರಲ್ಲ, ಈಗ ನೋಡಿ ಅಂತ. ಅಂದರೆ ಏನಾಯ್ತು? ದಾಳಿಗೂ ಮುಂಚೆಯೇ ಇವರಿಗೆ ಅವರ ಫ್ಯಾಷನ್ ಗೊತ್ತಿತ್ತು. ಬರಹೋಗೋದು ಇತ್ತು. ಎಲ್ಲಿಂದಲೋ ಉದುರಿದ ರಾಕ್ಷಸರಲ್ಲ ಅವರು.

ಅಂಚೆಪೆಟ್ಟಿಗೆ
ಮೇಷ್ಟ್ರು ಹೇಳಿದ್ದು ಸರಿ, ನಾನು ಇನ್ನೊಂದು ಸೇರಿಸ್ತೀನಿ. ಆಲ್ಕ್ವಿನ್ ಯಾರ ಅನ್ನ ತಿಂತಿದ್ದ? ಶಾರ್ಲಮೇನ್‌ದು. ಆ ಶಾರ್ಲಮೇನ್ 782ರಲ್ಲಿ, ಅಂದರೆ ಲಿಂಡಿಸ್ಫಾರ್ನ್‌ಗೆ 11 ವರ್ಷ ಮೊದಲು, ವೆರ್ಡೆನ್ ಎಂಬಲ್ಲಿ 4,500 ಸ್ಯಾಕ್ಸನ್ನರ (ಈಗಿನ ಉತ್ತರ ಜರ್ಮನಿ ಕಡೆಯ ಜನ) ತಲೆ ತೆಗೆಸಿದ ಅಂತ ಅವನದೇ ರಾಜ್ಯದ ವೃತ್ತಾಂತ ಹೇಳುತ್ತೆ. ಅದಾದ ಮೇಲೆ ದೀಕ್ಷಾಸ್ನಾನ ಬೇಡ ಅಂದ ಸ್ಯಾಕ್ಸನ್ನರಿಗೆ ಮರಣದಂಡನೆ ಅಂತ ಕಾನೂನೇ ಮಾಡಿದ. ಅವನಿಗೆ "ಮಹಾನ್" ಬಿರುದು. ಇವರು ಮಾತ್ರ ಅನಾಗರಿಕರು. ಪೆನ್ನು ಯಾರ ಕೈಯಲ್ಲಿತ್ತು ಅಂತ ಗೊತ್ತಾಯ್ತಲ್ಲ.

ಐರ್ಲೆಂಡಿನಲ್ಲಂತೂ ಮಠಗಳೇ ಮಠಗಳ ಮೇಲೆ ಯುದ್ಧಕ್ಕೆ ಹೋಗ್ತಿದ್ದವು. 764ರಲ್ಲಿ ಕ್ಲಾನ್ಮಕ್‌ನೋಯ್ಸ್ ಮಠದವರು ಡರೋ ಮಠದ 200 ಜನರನ್ನು ಕೊಂದರು. ಆಗ ವೈಕಿಂಗರ ಸುಳಿವೇ ಇರಲಿಲ್ಲ. ಆಮೇಲೆ ಮನ್‌ಸ್ಟರ್‌ನ ರಾಜ ಫೆಲಿಮಿ, ಅವನೂ ಕ್ರೈಸ್ತನೇ, 833ರಲ್ಲಿ ಅದೇ ಕ್ಲಾನ್ಮಕ್‌ನೋಯ್ಸ್‌ಗೆ ಬೆಂಕಿ ಇಟ್ಟ.

ರಾತ್ರಿಪಾಳಿ
ಅಂದ್ರೆ ವೈಕಿಂಗರು ಕೆಟ್ಟವರಲ್ಲ ಅಂತಲಾ?

ಅಂಚೆಪೆಟ್ಟಿಗೆ
ಆ ಕಾಲದ ಎಲ್ಲರೂ ಅಷ್ಟೇ ಅಂತ. ವೈಕಿಂಗರದ್ದು ವಿಶೇಷ ಏನಿಲ್ಲ.

ಡಬ್ಲಿನ್‌ನಲ್ಲಿ ಮಳೆ
ಇಲ್ಲ ಸ್ವಾಮಿ, ಇದನ್ನ ನಾನು ಒಪ್ಪಲ್ಲ. "ಎಲ್ಲರೂ ಅಷ್ಟೇ" ಅನ್ನೋದು ಈಗೀಗ ಫ್ಯಾಷನ್ ಆಗಿದೆ. ನಾನಿರೋ ಊರು ಶುರುವಾಗಿದ್ದೇ 841ರಲ್ಲಿ, ವೈಕಿಂಗರು ಹಡಗು ನಿಲ್ಲಿಸೋಕೆ ಕಟ್ಟಿಕೊಂಡ ಕೋಟೆಯಾಗಿ. ಈ ಊರು ಬೆಳೆದಿದ್ದು ಯಾವುದರ ಮೇಲೆ? ಮನುಷ್ಯರನ್ನು ಮಾರಿ.

821ರಲ್ಲಿ ಇಲ್ಲೇ ಹತ್ತಿರದ ಹೌತ್‌ನಿಂದ ಹೆಂಗಸರನ್ನು ಗುಂಪುಗುಂಪಾಗಿ ಹೊತ್ತೊಯ್ದರು ಅಂತ ಐರಿಷ್ ವೃತ್ತಾಂತದಲ್ಲಿ ಒಂದೇ ಸಾಲು ಇದೆ. ವರ್ಣನೆ ಇಲ್ಲ, ಗೋಳು ಇಲ್ಲ. 871ರಲ್ಲಿ ವೈಕಿಂಗ್ ನಾಯಕರಾದ ಓಲಾಫ್ ಮತ್ತು ಈವರ್ ಸ್ಕಾಟ್ಲೆಂಡಿನಿಂದ 200 ಹಡಗುಗಳಲ್ಲಿ ಡಬ್ಲಿನ್‌ಗೆ ವಾಪಸ್ ಬಂದರು. ಹಡಗಲ್ಲಿ ಇದ್ದದ್ದು ಸೆರೆಸಿಕ್ಕ ಆಂಗ್ಲರು, ಬ್ರಿಟನ್ನರು, ಪಿಕ್ಟರು (ಸ್ಕಾಟ್ಲೆಂಡಿನ ಹಳೇ ಜನ). ಅವರನ್ನೆಲ್ಲ ಎಲ್ಲಿಗೆ ಕಳಿಸಿದರು? ಐಸ್‌ಲೆಂಡಿನ ಜನರ ಡಿಎನ್‌ಎ ನೋಡಿದರೆ, ಗಂಡಸರ ಕಡೆಯ ಮೂಲ ಹೆಚ್ಚಾಗಿ ಸ್ಕ್ಯಾಂಡಿನೇವಿಯ. ಹೆಂಗಸರ ಕಡೆಯದು ಅರ್ಧಕ್ಕಿಂತ ಜಾಸ್ತಿ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯದು. ಅವರಲ್ಲಿ ಕೆಲವರು ಮದುವೆಯಾಗಿ ಹೋಗಿರಬಹುದು. ಎಲ್ಲರೂ ಅಂತ ನಂಬೋಕೆ ನಾನೇನು ಸೀರಿಯಲ್ ನೋಡಿ ಬಂದಿಲ್ಲ.

843ರ ಜೂನ್ 24ರಂದು ಫ್ರಾನ್ಸಿನ ನಾಂಟ್ ಊರಿಗೆ ನುಗ್ಗಿದರು. ಅವತ್ತು ಸಂತ ಯೋಹಾನನ ಹಬ್ಬ, ಊರ ತುಂಬಾ ಜನ. ಬಿಷಪ್ಪನನ್ನು ಕೊಂದರು, ಜನರನ್ನು ಹಿಡಿದುಕೊಂಡು ಹೋದರು. ಜಾತ್ರೆ ದಿನ ನೋಡಿ ಬರೋದು ಆಕಸ್ಮಿಕ ಅಂತೀರಾ?

ಅಂಚೆಪೆಟ್ಟಿಗೆ
ಗುಲಾಮಗಿರಿ ಇರಲಿಲ್ಲ ಅಂತ ನಾನು ಎಲ್ಲಿ ಹೇಳಿದೆ? ಆಗ ಇಂಗ್ಲೆಂಡಿನಲ್ಲೂ ಇತ್ತು, ಫ್ರಾಂಕರಲ್ಲೂ ಇತ್ತು.

ಡಬ್ಲಿನ್‌ನಲ್ಲಿ ಮಳೆ
ಇತ್ತು. ಆದರೆ ಅದಕ್ಕೆ ಅಂತಲೇ ಸಮುದ್ರ ದಾಟಿ ಬಂದವರು ಇವರು. "ರೈತರು, ವ್ಯಾಪಾರಿಗಳು" ಅಂತೀರಲ್ಲ, ಸರಿ, ವ್ಯಾಪಾರಿಗಳೇ. ಸರಕು ಏನು ಅಂತ ಮಾತ್ರ ಯಾರೂ ಹೇಳಲ್ಲ.

ಸೋಮವಾರಪೇಟೆ ಹುಡುಗಿ
👏 ಇದನ್ನ ಯಾರಾದರೂ ಮೇಲಕ್ಕೆ ಪಿನ್ ಮಾಡಿ.

ಮಲ್ಪೆ ಕಡಲು
ನನಗೆ ಅರ್ಥ ಆಗದ್ದು ಒಂದೇ ಮಾರಾಯ್ರೆ. ಇಷ್ಟು ಸಲ ಬಂದರು, ಹೋದರು, ಒಬ್ಬನೂ ತಡೆಯಲಿಲ್ಲವಾ? ರಾಜರು ಎಂತ ಮಾಡ್ತಿದ್ದರು? ಮತ್ತೆ ಅವರ ದೋಣಿ ಫೋಟೋದಲ್ಲಿ ನೋಡಿದರೆ ಅಡಿ ಚಪ್ಪಟೆ ಕಾಣ್ತದೆ. ಅದನ್ನು ಕಟ್ಟಿಕೊಂಡು ಹೊರಕಡಲಿಗೆ ಹೋದರೆ ಮಗುಚಿ ಬೀಳೂದಿಲ್ವಾ?

ಓಸ್ಲೋ ಅಕ್ಕ
ಮಲ್ಪೆ ಅಣ್ಣ ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ಇರೋದೇ ದೋಣಿಯಲ್ಲಿ.

ಗೋಕ್‌ಸ್ಟಾಡ್ ಹಡಗನ್ನು ಇಲ್ಲಿನ ಮ್ಯೂಸಿಯಂನಲ್ಲಿ ನೋಡಿದ್ದೇನೆ. 1880ರಲ್ಲಿ ಒಂದು ಮಣ್ಣಿನ ದಿಬ್ಬದ ಒಳಗೆ ಸಿಕ್ಕಿದ್ದು, ಕಟ್ಟಿದ್ದು ಸುಮಾರು 890ರಲ್ಲಿ. ಉದ್ದ 23 ಮೀಟರ್ ಮೇಲೆ, ಅಗಲ 5 ಮೀಟರ್. ಅಡಿಯಲ್ಲಿ ಒಂದೇ ಓಕ್ ಮರದ ಉದ್ದ ತೊಲೆ ಇದೆ, ಫೋಟೋದಲ್ಲಿ ಅದು ಕಾಣಲ್ಲ. ಹಾಗಾಗಿ ಪೂರ್ತಿ ಚಪ್ಪಟೆ ಅಲ್ಲ. ಹಲಗೆಗಳನ್ನು ಒಂದರ ಅಂಚಿನ ಮೇಲೆ ಒಂದು ಬರೋ ಹಾಗೆ ಜೋಡಿಸಿ ಕಬ್ಬಿಣದ ಮೊಳೆ ಹೊಡೆದಿದ್ದಾರೆ. ಸಂದಿಗೆ ಡಾಂಬರಿನಂಥ ಅಂಟಿನಲ್ಲಿ ಅದ್ದಿದ ಉಣ್ಣೆ. ಹಲಗೆ ಗರಗಸದಲ್ಲಿ ಕೊಯ್ದದ್ದಲ್ಲ. ಮರವನ್ನು ಬೆಣೆ ಹೊಡೆದು ಸೀಳಿ, ಕೊಡಲಿಯಲ್ಲಿ ಕೆತ್ತಿದ್ದು. ಅದಕ್ಕೇ ತೆಳ್ಳಗಿದ್ದರೂ ಗಟ್ಟಿ. ಎರಡೂವರೆ ಸೆಂಟಿಮೀಟರ್ ಇರಬಹುದು ಅಷ್ಟೇ.

ನನಗೆ ಇಷ್ಟವಾಗಿದ್ದು ಹುಟ್ಟು ಹಾಕುವ ತೂತುಗಳು. ಒಂದೊಂದು ಬದಿಗೆ 16. ಪ್ರತಿ ತೂತಿಗೂ ಒಳಗಡೆ ಪುಟ್ಟ ಮರದ ಮುಚ್ಚಳ. ಹಾಯಿ ಏರಿಸಿದ ಮೇಲೆ ಹುಟ್ಟು ಒಳಗೆಳೆದುಕೊಂಡು ಮುಚ್ಚಳ ತಿರುಗಿಸಿದರೆ ನೀರು ಒಳಗೆ ಬರಲ್ಲ. ತೂತಿನ ಪಕ್ಕ ಒಂದು ಸೀಳು ಬೇರೆ ಕೊರೆದಿದ್ದಾರೆ, ಹುಟ್ಟಿನ ಅಗಲದ ತುದಿ ತೂರಲಿ ಅಂತ. ಯಾರೋ ಬಡಗಿ ಕೂತು ಯೋಚನೆ ಮಾಡಿ ಮಾಡಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ.

ಮಗುಚುತ್ತಾ ಅಂದರೆ, 1893ರಲ್ಲಿ ಇದರ ತದ್ರೂಪ ಮಾಡಿ ಮಾಗ್ನುಸ್ ಆಂಡರ್ಸನ್ ಎಂಬ ಕಪ್ತಾನ ನಾರ್ವೆಯ ಬರ್ಗೆನ್‌ನಿಂದ ಅಟ್ಲಾಂಟಿಕ್ ದಾಟಿದ. ನಾಲ್ಕು ವಾರದಲ್ಲಿ ಆಚೆ ದಡ! ಅಲ್ಲಿಂದ ಶಿಕಾಗೋ ಪ್ರದರ್ಶನಕ್ಕೆ ಹೋದ. ಅಲೆ ಬಂದಾಗ ಹಡಗಿನ ಮೈಯೇ ಬಾಗಿ ಬಳುಕುತ್ತಿತ್ತಂತೆ, ಒಡೆಯಲಿಲ್ಲ.

ಈಗ ರಾಜರ ವಿಷಯ. ಈ ಹಡಗಿಗೆ ಒಂದು ಮೀಟರ್ ನೀರಿದ್ದರೆ ಸಾಕು. ಬಂದರು ಬೇಡ, ಮರಳಿಗೆ ನೇರ ಎಳೀಬಹುದು. ನದಿಯಲ್ಲೂ ಹೋಗಬಹುದು. ರಾಜನಿಗೆ ಸುದ್ದಿ ಮುಟ್ಟಿ, ಅವನು ಊರೂರಿಂದ ಜನ ಸೇರಿಸಿ ಬರೋಷ್ಟರಲ್ಲಿ ಇವರು ಮನೆ ದಾರಿ ಹಿಡಿದಾಗಿರುತ್ತಿತ್ತು. ಎದುರು ನಿಂತು ಹೋರಾಡಿದರೆ ಇವರೂ ಎಷ್ಟೋ ಸಲ ಸೋತಿದ್ದಾರೆ. ನಿಲ್ಲುತ್ತಲೇ ಇರಲಿಲ್ಲ, ಅದೇ ಕಷ್ಟ.

ಮಲ್ಪೆ ಕಡಲು
ಈಗ ಸರಿ ಆಯ್ತು. ಮುಚ್ಚಳದ ವಿಷಯ ಭಾರೀ ಲಾಯ್ಕ ಉಂಟು. ಹಾಯಿ ಯಾವುದರದ್ದು ಅಕ್ಕ?

ಓಸ್ಲೋ ಅಕ್ಕ
ಕುರಿ ಉಣ್ಣೆ. ಮೇಲೆ ಕೊಬ್ಬು ಬಳಿದು ಗಾಳಿ ಸೋರದ ಹಾಗೆ ಮಾಡೋರು. ಹಡಗು ಕಟ್ಟೋದಕ್ಕಿಂತ ಹಾಯಿ ನೂತು ನೇಯೋದಕ್ಕೇ ಜಾಸ್ತಿ ಸಮಯ ಹಿಡಿಯುತ್ತೆ. ಆ ಕೆಲಸ ಮಾಡಿದ್ದು ಮನೇಲಿದ್ದ ಹೆಂಗಸರು. ಸೀರಿಯಲ್ಲಿನವರು ಇದನ್ನ ತೋರಿಸಲ್ಲ ಅಲ್ವಾ.

ಅಂದಹಾಗೆ ಗೋಕ್‌ಸ್ಟಾಡ್ ಸಮಾಧಿಯಲ್ಲಿ ಸತ್ತವನ ಜೊತೆ 12 ಕುದುರೆ, ನಾಯಿಗಳು, ಆಮೇಲೆ ನವಿಲಿನ ಮೂಳೆ ಕೂಡ ಸಿಕ್ಕಿವೆ.

ಹೆಮ್ಮೆಯ ಭಾರತೀಯ
ನವಿಲು!! ನೋಡಿ, ಆಗಲೇ ನಮ್ಮ ದೇಶದ ಜೊತೆ ವೈಕಿಂಗರಿಗೆ ಸಂಪರ್ಕ ಇತ್ತು. ಸ್ವೀಡನ್‌ನಲ್ಲಿ ಬುದ್ಧನ ವಿಗ್ರಹ ಸಿಕ್ಕಿದೆ. ಅವರ ಉಲ್ಫ್‌ಬರ್ಟ್ ಕತ್ತಿಗಳನ್ನು ನಮ್ಮ ಕರ್ನಾಟಕದ ಉಕ್ಕಿನಿಂದಲೇ ಮಾಡಿದ್ದು. ಇದನ್ನೆಲ್ಲ ಶಾಲೆಯಲ್ಲಿ ಯಾಕೆ ಹೇಳಿಕೊಡಲ್ಲ?

ನಿವೃತ್ತ ಮೇಷ್ಟ್ರು
ಶಾಲೆಯಲ್ಲಿ ಮೂವತ್ತು ವರ್ಷ ಹೇಳಿಕೊಟ್ಟವನೇ ಇಲ್ಲಿದ್ದೀನಿ, ಕೇಳಿಸ್ಕೊಳ್ಳಪ್ಪ. ನವಿಲನ್ನು ರೋಮನ್ನರ ಕಾಲದಿಂದಲೇ ಯುರೋಪಿನಲ್ಲಿ ಸಾಕುತ್ತಿದ್ದರು. ನಾರ್ವೆಯ ನವಿಲು ಬಂಡೀಪುರದಿಂದ ಹೋಗಬೇಕಿಲ್ಲ.

ಬುದ್ಧ ನಿಜ. ಹೆಲ್ಯೋ ದ್ವೀಪದಲ್ಲಿ ಸಿಕ್ಕ ಪುಟ್ಟ ಕಂಚಿನ ವಿಗ್ರಹ, ಆರನೇ ಶತಮಾನದ ಆಸುಪಾಸಿನದು, ಭಾರತ ಉಪಖಂಡದ ವಾಯವ್ಯ ಮೂಲೆಯಲ್ಲಿ ಮಾಡಿದ್ದು. ಆದರೆ ಯಾರೋ ಸ್ವೀಡನ್ನಿನವನು ಬಂದು ಕೊಂಡುಹೋದ ಅಂತಲ್ಲ. ಕೈಯಿಂದ ಕೈಗೆ, ಸಂತೆಯಿಂದ ಸಂತೆಗೆ ದಾಟುತ್ತಾ ಹೋಗಿರುತ್ತೆ.

ಉಕ್ಕಿನ ಕತೆ: ಉಲ್ಫ್‌ಬರ್ಟ್ ಹೆಸರು ಕೆತ್ತಿದ ನೂರಕ್ಕೂ ಹೆಚ್ಚು ಕತ್ತಿಗಳು ಸಿಕ್ಕಿವೆ. ಕೆಲವು ಮಾತ್ರ ತುಂಬಾ ಒಳ್ಳೆ ಉಕ್ಕು, ಉಳಿದವು ಸಾಧಾರಣ, ಕೆಲವು ಪಕ್ಕಾ ನಕಲಿ ಮಾಲು. ಒಳ್ಳೆ ಉಕ್ಕು ಮೂಸೆಯಲ್ಲಿ ಕರಗಿಸಿದ್ದು, ಪೂರ್ವದಿಂದ ವೋಲ್ಗಾ ನದಿ ದಾರಿಯಲ್ಲಿ ಬಂದಿರಬಹುದು ಅನ್ನೋದು ಒಂದು ವಾದ. ಹಾಗೆ ಬಂದಿದ್ದರೂ ಮಧ್ಯ ಏಷ್ಯಾದ ಮರ್ವ್‌ನಲ್ಲೇ ಆ ಕಾಲದ ಕುಲುಮೆಗಳು ಸಿಕ್ಕಿವೆ, ಅದೇ ಹತ್ತಿರ. ದಕ್ಷಿಣ ಭಾರತದ ಉಕ್ಕಿಗೆ ಹೆಸರು ಇತ್ತು, ಇಲ್ಲ ಅನ್ನಲ್ಲ. ಈ ಕತ್ತಿಗಳಿಗೆ ಅದನ್ನು ಗಂಟು ಹಾಕೋಕೆ ಆಧಾರ ಬೇಕು.

ಹೆಮ್ಮೆಯ ಭಾರತೀಯ
ನಮ್ಮವರೇ ನಮ್ಮನ್ನು ನಂಬಲ್ಲ, ಇದೇ ಸಮಸ್ಯೆ.

ಬಿಜಾಪುರದ ಬಸ್ಯಾ
ನವಿಲಿಗೆ ಪಾಸ್‌ಪೋರ್ಟ್ ಕೇಳ್ರಿ ಮೇಷ್ಟ್ರ 😂

ಗೇಮರ್ ಗುಂಡ
ಯಾರೂ "ರಕ್ತದ ಹದ್ದು" ಬಗ್ಗೆ ಮಾತಾಡಿಲ್ಲ ಯಾಕೆ? ಬೆನ್ನು ಸೀಳಿ ಪಕ್ಕೆಲುಬು ರೆಕ್ಕೆ ಥರ ಬಿಡಿಸೋದು. ಯಾರ್ಕ್‌ನ ರಾಜ ಏಲ್ಲನಿಗೆ ಹಾಗೇ ಮಾಡಿದ್ರು. ಆಮೇಲೆ ಬೆರ್ಸರ್ಕರ್‌ಗಳು (ಹುಚ್ಚೆದ್ದು ಕಾದಾಡೋ ಯೋಧರು) ಅಣಬೆ ತಿಂದು ಯುದ್ಧಕ್ಕೆ ಹೋಗ್ತಿದ್ರು.

ಯಾರ್ಕ್ ಪಕ್ಕದ ಮನೆ
ಗುಂಡ, ಏಲ್ಲ ಸತ್ತಿದ್ದು 867ರಲ್ಲಿ, ಯಾರ್ಕ್ ಊರನ್ನು ವಾಪಸ್ ಹಿಡಿಯೋಕೆ ಬಂದಾಗ. ಹತ್ತಿರದ ಕಾಲದ ಇಂಗ್ಲಿಷ್ ದಾಖಲೆಯಲ್ಲಿ ಇರೋದು ಇಷ್ಟೇ: ಏಲ್ಲ, ಅವನ ಜೊತೆಗಿದ್ದ ಇನ್ನೊಬ್ಬ ರಾಜ, ಇಬ್ಬರೂ ಅಲ್ಲೇ ಹತರಾದರು. ಪಕ್ಕೆಲುಬು ಬಿಡಿಸೋ ವಿವರ ಎಲ್ಲಾ ಮುನ್ನೂರು ವರ್ಷ ಆದ ಮೇಲೆ ಬರೆದ ಕತೆಗಳಲ್ಲಿ ಬರುತ್ತೆ. ಅದೂ ಕತೆಯಿಂದ ಕತೆಗೆ ಜಾಸ್ತಿ ಆಗ್ತಾ ಹೋಗುತ್ತೆ. ಅಣಬೆ ಐಡಿಯಾ ಕೊಟ್ಟಿದ್ದು 1784ರಲ್ಲಿ ಓಡ್ಮನ್ ಅನ್ನೋ ಒಬ್ಬ ಸ್ವೀಡಿಷ್ ಪಂಡಿತ. ಹಳೇ ಕತೆಗಳಲ್ಲಿ ಗುರಾಣಿ ಕಚ್ಚೋದಿದೆ, ತೋಳದ ಹಾಗೆ ಊಳಿಡೋದಿದೆ, ಅಣಬೆ ಇಲ್ಲ.

ನಿಜವಾಗಿ ಹೆದರಿಕೆ ಹುಟ್ಟಿಸೋದು ಇದಲ್ಲ. 865ರಲ್ಲಿ ಬಂದ ದೊಡ್ಡ ಸೈನ್ಯ ವಾಪಸ್ಸೇ ಹೋಗಲಿಲ್ಲ. ಚಳಿಗಾಲಕ್ಕೆ ಒಂದೊಂದು ಊರಲ್ಲಿ ಬಿಡಾರ ಹೂಡುತ್ತಾ ಒಂದೊಂದೇ ರಾಜ್ಯ ನುಂಗಿತು. ನಾರ್ಥಂಬ್ರಿಯ ಹೋಯ್ತು, ಈಸ್ಟ್ ಆಂಗ್ಲಿಯದ ಎಡ್ಮಂಡ್ 869ರಲ್ಲಿ ಸತ್ತ, ಮರ್ಸಿಯ ಬಿತ್ತು. 872-73ರ ಚಳಿಗಾಲದಲ್ಲಿ ಅವರು ತಂಗಿದ್ದ ಟಾರ್ಕ್ಸಿಯಲ್ಲಿ ಹೊಲದ ಮಣ್ಣಿಂದ ಏನೇನು ಸಿಕ್ಕಿದೆ ನೋಡಿ: ಕತ್ತರಿಸಿದ ಅರಬ್ ಬೆಳ್ಳಿ ನಾಣ್ಯ, ತೂಕದ ಬಟ್ಟು, ಸೀಸದ ಆಟದ ಕಾಯಿಗಳು ರಾಶಿ, ನೂಲುವ ಕದಿರಿನ ಬಿಲ್ಲೆ ಕೂಡ. ಸಂತೆ, ಕಮ್ಮಾರಸಾಲೆ, ಹೆಂಗಸರು ಎಲ್ಲಾ ಜೊತೆಗೆ ಹೊತ್ತು ತಿರುಗುತ್ತಿದ್ದ ಊರೇ ಅದು.

ಕೊನೆಗೆ ನಿಂತಿದ್ದು ದಕ್ಷಿಣ ಇಂಗ್ಲೆಂಡಿನ ವೆಸೆಕ್ಸ್‌ನ ರಾಜ ಆಲ್ಫ್ರೆಡ್ ಒಬ್ಬ. ಅವನೂ ಮೊದಲು ದುಡ್ಡು ಕೊಟ್ಟೇ ಕಳಿಸಿದ್ದು. 878ರಲ್ಲಿ ಎಡಿಂಗ್ಟನ್‌ನಲ್ಲಿ ಗೆದ್ದ, ಸೋತ ವೈಕಿಂಗ್ ನಾಯಕ ಗುಥ್ರಮ್‌ಗೆ ದೀಕ್ಷಾಸ್ನಾನ ಮಾಡಿಸಿ ತಾನೇ ಧರ್ಮಪಿತನಾದ. ಆಮೇಲೆ ಮಾಡಿದ್ದೇ ಜಾಣತನ: ಊರೂರಿಗೆ ಕೋಟೆ. 30ಕ್ಕೂ ಹೆಚ್ಚು. ಮೇಲೆ ಅಕ್ಕ ಹೇಳಿದ ಓಡಿಹೋಗೋ ಆಟಕ್ಕೆ ಅದೇ ಔಷಧ.

ಲೆಕ್ಕದ ಪುಸ್ತಕ
ದುಡ್ಡಿನ ಮಾತು ಬಂತು, ಹೇಳಿಬಿಡ್ತೀನಿ. 845ರಲ್ಲಿ ಪ್ಯಾರಿಸ್ ಬಿಟ್ಟು ಹೋಗೋಕೆ ಫ್ರಾಂಕರ ರಾಜ ಬೋಳು ಚಾರ್ಲ್ಸ್ ವೈಕಿಂಗರಿಗೆ ಕೊಟ್ಟಿದ್ದು 7,000 ಪೌಂಡ್ ಬೆಳ್ಳಿ. ಇಂಗ್ಲೆಂಡಿನದು ನೋಡಿ: 991ರಲ್ಲಿ 10,000 ಪೌಂಡ್, 994ರಲ್ಲಿ 16,000, 1002ರಲ್ಲಿ 24,000, 1007ರಲ್ಲಿ 36,000, 1012ರಲ್ಲಿ 48,000. ಒಂದು ಸಲ ಕೊಟ್ಟವನ ಹತ್ತಿರ ಮತ್ತೆ ಬರದೇ ಇರ್ತಾರಾ? ನಮ್ಮ ಏರಿಯಾದ ಬಡ್ಡಿ ವ್ಯವಹಾರದವರೂ ಹೀಗೇ. ಆ ಕಾಲದ ಇಂಗ್ಲಿಷ್ ಬೆಳ್ಳಿ ನಾಣ್ಯ ಇವತ್ತು ಇಂಗ್ಲೆಂಡಿಗಿಂತ ಸ್ಕ್ಯಾಂಡಿನೇವಿಯದ ಮಣ್ಣಲ್ಲೇ ಜಾಸ್ತಿ ಸಿಗುತ್ತೆ.

ಅಂಚೆಪೆಟ್ಟಿಗೆ
ಮತ್ತೆ 1002ರಲ್ಲಿ ದುಡ್ಡು ಕೊಟ್ಟ ಅದೇ ವರ್ಷ ನವೆಂಬರ್ 13ಕ್ಕೆ ಎಥೆಲ್ರೆಡ್ ಏನು ಮಾಡಿದ? (ಮೇಷ್ಟ್ರು ಹೇಳಿದ ಎಥೆಲ್ರೆಡ್ ಅಲ್ಲ, ಇವನು ಬೇರೆ.) ಇಂಗ್ಲೆಂಡಿನಲ್ಲಿದ್ದ ಡೇನರನ್ನೆಲ್ಲ (ಡೆನ್ಮಾರ್ಕ್ ಕಡೆಯವರನ್ನು) ಕೊಲ್ಲಿ ಅಂತ ಆಜ್ಞೆ. ಆಕ್ಸ್‌ಫರ್ಡ್‌ನಲ್ಲಿ ಪ್ರಾಣ ಉಳಿಸಿಕೊಳ್ಳೋಕೆ ಚರ್ಚಿನೊಳಗೆ ಓಡಿದವರನ್ನು ಚರ್ಚಿನ ಸಮೇತ ಸುಟ್ಟರು. ಇದು ಎಥೆಲ್ರೆಡ್‌ನದೇ ಶಾಸನದಲ್ಲಿ ಇದೆ, ನಾಚಿಕೆ ಇಲ್ಲದೆ ಬರೆಸಿದ್ದಾನೆ. ನಾನು ಮೊದಲೇ ಹೇಳಿದ್ನಲ್ಲ.

ಡಬ್ಲಿನ್‌ನಲ್ಲಿ ಮಳೆ
ಇವನು ಕೆಟ್ಟವನು ಅಂದ ಮಾತ್ರಕ್ಕೆ ಅವರು ಒಳ್ಳೆಯವರಾಗಲ್ಲ. ನಾನೂ ಮೊದಲೇ ಹೇಳಿದ್ನಲ್ಲ.

ಕುದುರೆ ಸವಾರ
ಎಲ್ಲರೂ ವೈಕಿಂಗ್ ವೈಕಿಂಗ್ ಅಂತೀರಿ, ಮಗ್ಯಾರರನ್ನು ಮರೆತೇಬಿಟ್ರಾ? ಈಗಿನ ಹಂಗೇರಿಯವರು. 899ರಲ್ಲಿ ಇಟಲಿಯ ಬ್ರೆಂಟಾ ನದಿ ಹತ್ತಿರ ದೊಡ್ಡ ಸೈನ್ಯವನ್ನೇ ಚಿಂದಿ ಮಾಡಿ, ಆಮೇಲೆ ಅರ್ಧ ಶತಮಾನ ಜರ್ಮನಿ, ಫ್ರಾನ್ಸ್, ಇಟಲಿ ಎಲ್ಲಾ ಕಡೆ ನುಗ್ಗಿದರು. ಕುದುರೆ ಮೇಲೆ ಓಡ್ತಾ ಹಿಂದಕ್ಕೆ ತಿರುಗಿ ಬಾಣ ಬಿಡೋದು. 955ರಲ್ಲಿ ಆಗ್ಸ್‌ಬರ್ಗ್ ಹತ್ತಿರದ ಲೆಖ್‌ಫೆಲ್ಡ್‌ನಲ್ಲಿ ಜರ್ಮನ್ ರಾಜ ಒಟ್ಟೋ ಸೋಲಿಸಿದ ಮೇಲೇ ತಣ್ಣಗಾದರು. ಇತ್ತ ದಕ್ಷಿಣದಲ್ಲಿ ಅರಬ್ ಕಡಲ್ಗಳ್ಳರು 846ರಲ್ಲಿ ರೋಮಿನ ಸಂತ ಪೀಟರ್ ಚರ್ಚನ್ನೇ ದೋಚಿದರು. 972ರಲ್ಲಿ ಆಲ್ಪ್ಸ್ ಘಾಟಿಯಲ್ಲಿ ಫ್ರಾನ್ಸಿನ ಕ್ಲೂನಿ ಮಠಾಧಿಪತಿಯನ್ನೇ ಅಪಹರಿಸಿ ಒತ್ತೆಹಣ ಕೇಳಿದರು. ಇವರ ಬಗ್ಗೆ ಸೀರಿಯಲ್ ಬಂದಿಲ್ಲ, ಅದಕ್ಕೆ ಯಾರಿಗೂ ಬೇಡ.

ಸೋಮವಾರಪೇಟೆ ಹುಡುಗಿ
ಹೆಣ್ಣು ಯೋಧರು ಇದ್ರಾ, ಅದಾದ್ರೂ ನಿಜಾನಾ?

ಓಸ್ಲೋ ಅಕ್ಕ
ಸ್ವೀಡನ್‌ನ ಬಿರ್ಕಾದಲ್ಲಿ 1878ರಲ್ಲಿ ಅಗೆದ ಒಂದು ಸಮಾಧಿ ಇದೆ. ಕತ್ತಿ, ಕೊಡಲಿ, ಈಟಿ, ಬಾಣ, ಎರಡು ಗುರಾಣಿ, ಎರಡು ಕುದುರೆ. ಇಷ್ಟೆಲ್ಲ ಇದ್ದ ಮೇಲೆ ಗಂಡಸೇ ಅಂತ ನೂರು ವರ್ಷಕ್ಕೂ ಮೇಲೆ ಬರೆದುಕೊಂಡು ಬಂದರು. 2017ರಲ್ಲಿ ಡಿಎನ್‌ಎ ನೋಡಿದರೆ ಹೆಂಗಸು. ಕೂಡಲೇ ಗಲಾಟೆ: "ಆಯುಧ ಇದ್ದ ಮಾತ್ರಕ್ಕೆ ಯೋಧೆ ಅನ್ನಬಹುದಾ, ಮೂಳೆ ಮೇಲೆ ಗಾಯ ಇಲ್ಲವಲ್ಲ" ಅಂತ. ಇರಬಹುದು. ಗಂಡಸು ಅಂದುಕೊಂಡಿದ್ದಾಗ ಯಾರೂ ಗಾಯ ಹುಡುಕಿರಲಿಲ್ಲ ನೋಡಿ. ಒಬ್ಬಳಿಂದ ಒಂದು ಸೈನ್ಯ ಆಗಲ್ಲ, ಅದೂ ಸರಿ.

ಗೇಮರ್ ಗುಂಡ
ಕಾಡಿಗೆ ಹಚ್ಚೋದೂ ಸುಳ್ಳಾ ಹಾಗಾದ್ರೆ? ಅದೊಂದಾದ್ರೂ ಬಿಡಿ 😭

ನಿವೃತ್ತ ಮೇಷ್ಟ್ರು
ಅದು ನಿಜ ಕಣಪ್ಪ. ಸುಮಾರು 965ರಲ್ಲಿ ಸ್ಪೇನಿನಿಂದ ಡೇನರ ಹೆಡೆಬಿ ಪಟ್ಟಣಕ್ಕೆ ಬಂದ ಪ್ರವಾಸಿಯೊಬ್ಬ, ಅಲ್ಲಿ ಗಂಡಸರು ಹೆಂಗಸರು ಇಬ್ಬರೂ ಕಣ್ಣಿಗೆ ಬಣ್ಣ ಹಚ್ಚುತ್ತಾರೆ ಅಂದಿದ್ದಾನೆ. ಅವರ ಹಾಡು ಮಾತ್ರ ನಾಯಿ ಬೊಗಳಿದ್ದಕ್ಕಿಂತ ಕಡೆ ಅಂತಲೂ ಬರೆದಿದ್ದಾನೆ. ಹಚ್ಚೆಗೆ ಅರಬ್ ಪ್ರವಾಸಿ ಇಬ್ನ್ ಫದ್ಲಾನ್ ಇದ್ದಾನೆ. 922ರಲ್ಲಿ ವೋಲ್ಗಾ ದಡದಲ್ಲಿ ರುಸ್ ಜನರನ್ನು (ಪೂರ್ವದ ಕಡೆ ಹೋದ ವೈಕಿಂಗರು) ಕಂಡವನು, ಉಗುರ ತುದಿಯಿಂದ ಕುತ್ತಿಗೆವರೆಗೆ ಚಿತ್ರ ಬರೆದುಕೊಂಡಿದ್ದರು ಅಂತಾನೆ. ಒಂದೇ ಬೋಗುಣಿ ನೀರಲ್ಲಿ ಎಲ್ಲರೂ ಸಾಲಾಗಿ ಮುಖ ತೊಳೆದು, ಮೂಗು ಸೀನಿ, ಪಕ್ಕದವನಿಗೆ ದಾಟಿಸುತ್ತಿದ್ದರಂತೆ.

ಸೋಮವಾರಪೇಟೆ ಹುಡುಗಿ
ಥೂ ಮೇಷ್ಟ್ರೇ, ಊಟದ ಹೊತ್ತು.

ಯಾರ್ಕ್ ಪಕ್ಕದ ಮನೆ
ಊಟ ಮುಗಿಸಿ ಬಂದು ಇದನ್ನು ಓದಿ. 1972ರಲ್ಲಿ ಇಲ್ಲಿ ಒಂದು ಬ್ಯಾಂಕ್ ಕಟ್ಟಡಕ್ಕೆ ಅಗೆಯುವಾಗ ವೈಕಿಂಗ್ ಕಾಲದ ಮನುಷ್ಯನ ಮಲ ಸಿಕ್ಕಿತು. ಗಟ್ಟಿಯಾಗಿ ಉಳಿದಿತ್ತು, 20 ಸೆಂಟಿಮೀಟರ್ ಉದ್ದ! ಒಳಗೆ ಜಂತುಹುಳದ ಮೊಟ್ಟೆ ತುಂಬಿತ್ತು. ಮ್ಯೂಸಿಯಂನಲ್ಲಿ ಗಾಜಿನೊಳಗೆ ಇಟ್ಟಿದ್ದಾರೆ. 2003ರಲ್ಲಿ ಕೆಳಗೆ ಬಿದ್ದು ಮೂರು ತುಂಡಾಯ್ತು, ಅಂಟಿಸಿದರು. ಜನ ಟಿಕೆಟ್ ಕೊಟ್ಟು ನೋಡ್ತಾರೆ.

ಬಿಜಾಪುರದ ಬಸ್ಯಾ
ಅಂಟಿಸೋ ನೌಕರಿ ಯಾರಿಗೆ ಸಿಕ್ಕಿತ್ತೋ ಪಾಪ.

ರಾತ್ರಿಪಾಳಿ
ನಾನು ಕೇಳಿದ್ದೇನು, ನೀವು ತಲುಪಿದ್ದೆಲ್ಲಿ 🙏 ಡಬ್ಲಿನ್‌ನವರ ಮಾತೇ ನನಗೆ ಜಾಸ್ತಿ ಸರಿ ಅನಿಸ್ತು, ಅಂಚೆಪೆಟ್ಟಿಗೆ ಬೇಜಾರು ಮಾಡ್ಕೋಬೇಡಿ. ಮುಂದಿನ ವರ್ಷ ಆಫೀಸಿನ ಕೆಲಸಕ್ಕೆ ಆ ಕಡೆ ಬರೋದಿದೆ. ಎರಡು ದಿನ ಬಿಡುವು ಸಿಗಬಹುದು. ಹಡಗು ನೋಡೋಕೆ ಓಸ್ಲೋಗೆ ಬರಲಾ?

ಓಸ್ಲೋ ಅಕ್ಕ
ಟಿಕೆಟ್ ತಗೊಳ್ಳೋ ಮುಂಚೆ ವಿಚಾರಿಸಿ. ಹಡಗಿನ ಮ್ಯೂಸಿಯಂ 2022ರಲ್ಲೇ ಹೊಸ ಕಟ್ಟಡಕ್ಕೆ ಅಂತ ಬಾಗಿಲು ಹಾಕಿದೆ. ಅದು ತೆರೆದಿಲ್ಲ ಅಂದರೆ ಡೆನ್ಮಾರ್ಕಿನ ರೋಸ್ಕಿಲ್ಡೆಗೆ ಹೋಗಿ. ಕೋಪನ್‌ಹೇಗನ್‌ನಿಂದ ರೈಲಲ್ಲಿ ಅರ್ಧ ಗಂಟೆ. ಅಲ್ಲಿ ಐದು ಹಡಗು ಇವೆ, ಶತ್ರು ಒಳಗೆ ಬರದ ಹಾಗೆ ಬೇಕಂತಲೇ ಮುಳುಗಿಸಿದ್ದವು. ಒಂದು ಡಬ್ಲಿನ್‌ನಲ್ಲಿ 1042ರಲ್ಲಿ ಕಟ್ಟಿದ್ದು, ಅದರ ತದ್ರೂಪವನ್ನು 2007ರಲ್ಲಿ ಡಬ್ಲಿನ್‌ವರೆಗೂ ನಡೆಸಿಕೊಂಡು ಹೋಗಿದ್ದರು. ಬೇಸಿಗೆಯಲ್ಲಿ ಬಂದರೆ ಬೇರೆ ಹಡಗುಗಳಲ್ಲಿ ನಮ್ಮ ಕೈಗೂ ಹುಟ್ಟು ಕೊಡ್ತಾರೆ.

ಮಲ್ಪೆ ಕಡಲು
ಹುಟ್ಟು ಕೊಡ್ತಾರಾದ್ರೆ ನಾನೂ ಬರ್ತೇನೆ. ವೀಸಾಕ್ಕೆ ಎಷ್ಟಾಗ್ತದೆ ಹೇಳಿ.